ಗುರುತು ಸಿಗದವರಿಗೆ ಹೇಳುವ ಮೂರು ಮಾತು

ಅವನ ದನಿ ನೆನೆದರೆ ಈಗಲೂ ನನಗೆ ಹೇಸಿಗೆಯಾಗುತ್ತದೆ. ಒರಟು ದನಿಯಲ್ಲ ಅದು. ತಗ್ಗಿದ, ನಯವಾದ ದನಿ, ಘಟ್ಟದ ಮೇಲಿನ ಕನ್ನಡ, ಮಾತಿಗೊಮ್ಮೆ ‘ಅಮ್ಮಾ’. ಹೆದರಿಸಿ ಕದಿಯುವ ಕಳ್ಳನನ್ನು ಹೇಗಾದರೂ ಸಹಿಸಿಕೊಂಡೇನು. ಅಮ್ಮಾ ಅಮ್ಮಾ ಎನ್ನುತ್ತಲೇ ಕೈ ಹಾಕುವವನನ್ನು ನೆನೆದರೆ ತಿಂದದ್ದು ಗಂಟಲಿಗೆ ಬರುತ್ತದೆ. ಆಮೇಲೆ, ಆ ವಾಕರಿಕೆ ಅವನ ಹತ್ತಿರವೇ ನಿಲ್ಲುವುದಿಲ್ಲ. ತಿರುಗಿ ನನ್ನ ಮೇಲೇ ಬರುತ್ತದೆ. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಕೊಲ್ಲೂರಿನಲ್ಲಿ ನಮ್ಮದೊಂದು ಹನ್ನೊಂದು ಕೋಣೆಯ ಲಾಡ್ಜು. ‘ನಮ್ಮದು’ ಎನ್ನುವುದು ರೂಢಿಯ ಮಾತು. ಕಾಗದಪತ್ರ ಇರುವುದು ನನ್ನ ಗಂಡನ ಅಣ್ಣನ ಹೆಸರಿನಲ್ಲಿ. ಅವರನ್ನು ನಾನು ಭಾವ ಎನ್ನುತ್ತೇನೆ. ಭಾವನ ಮನೆ, ಹಾರ್ಡ್‌ವೇರ್ ಅಂಗಡಿ ಎಲ್ಲ ಬೈಂದೂರಿನಲ್ಲಿ. ವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗುತ್ತಾರೆ. ನಾನು ಬ್ರಹ್ಮಾವರದ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಲಾಡ್ಜಿನ ಹಿಂದಿನ ಎರಡು ಕೋಣೆಯಲ್ಲಿ ಸುಮ್ಮನೆ ಕೂತು ಉಣ್ಣುವುದು ನನ್ನಿಂದಾಗದೆಂದು ಹಟ ಹಿಡಿದು ಕೌಂಟರಿಗೆ ಬಂದು ಕೂತೆ. ಭಾವನಿಗೆ ಇದು ಹಿಡಿಸಲಿಲ್ಲ.

“ಹೆಂಗಸ್ರ್ ಕೌಂಟರಂಗೆ ಕೂಕಂಡ್ರೆ ಜನ ಎಂತ ಹೇಳ್ತ್ರ್?” ಎಂದರು.

ಜನ ಏನೂ ಹೇಳಲಿಲ್ಲ. ಕೋಣೆ ಇದೆಯಾ, ಬಿಸಿನೀರು ಬರುತ್ತದಾ ಎಂದಷ್ಟೇ ಕೇಳಿದರು. ಒಂದು ವರ್ಷದಲ್ಲಿ ಭಾವನೂ ಸುಮ್ಮನಾದರು. ಆ ಮರದ ಕುರ್ಚಿ, ಹಿಂದೆ ಕೀಲಿಕೈಗಳ ಹಲಗೆ, ಎದುರಿಗೆ ಕಂಪ್ಯೂಟರು ಮತ್ತು ಲಾಡ್ಜಿನ ಮೊಬೈಲು, ಇಷ್ಟೇ ನನ್ನ ರಾಜ್ಯ. ಆದರೆ ಅದು ನನ್ನದು. ಅದು ನನಗೆ ಎಷ್ಟು ದೊಡ್ಡದೆಂದು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಾನು ಮಾಡಿದ ಕೆಲಸಕ್ಕೆ ಅದೇ ಕಾರಣ.

ಕೌಂಟರಿನ ಕೆಲಸ ನನಗೆ ಕಲಿಸಿದವರು ನಮ್ಮ ಮ್ಯಾನೇಜರು. ನಾವುಂದದವರು, ಮೀನುಗಾರರ ಮನೆಯವರು. ದೋಣಿ ಹತ್ತಿದರೆ ವಾಂತಿಯಾಗುತ್ತದೆಂದು ಎಳವೆಯಲ್ಲೇ ಮುಂಬೈ ಬಸ್ಸು ಹತ್ತಿದೆ ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು. ಅಲ್ಲಿ ಹೋಟೆಲು, ಲಾಡ್ಜು ಎಂದು ಅರ್ಧ ಆಯುಸ್ಸು ಕಳೆದು, ಊರಿನ ನೆನಪಾಗಿ ಬಂದು ನಮ್ಮಲ್ಲಿ ಸೇರಿದ್ದು. ಆಗ ನನ್ನ ಗಂಡ ಇದ್ದರು. ಹದಿನೆಂಟು ವರ್ಷ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ ಒಂದು ಚಾಪೆ, ಒಂದು ಬ್ಯಾಗು, ಒಂದು ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಇದ್ದರು. ಅಂಗಿಗೆ ಇಸ್ತ್ರಿ ಮಾಡದೆ ಕೌಂಟರಿಗೆ ಬಂದದ್ದನ್ನು ನಾನು ನೋಡಲಿಲ್ಲ.

ಮೊದಲ ವಾರವೇ ಅವರು ಒಂದು ನಿಯಮ ಹೇಳಿಕೊಟ್ಟರು. ಒಬ್ಬ ಯಾತ್ರಿಕ ಬಂದು, ಏನಮ್ಮಾ ಗುರುತು ಸಿಕ್ಕಿತಾ ಎಂದು ಕೇಳಿದ್ದ. ನಾನು ಇಲ್ಲವಲ್ಲ ಎಂದೆ. ಅವನ ಮುಖ ಬಾಡಿತು. ಅವನು ಮೇಲೆ ಹೋದ ಮೇಲೆ ಮ್ಯಾನೇಜರು ನನ್ನನ್ನು ಬದಿಗೆ ಕರೆದರು.

“ಅಮಾ, ಗುರ್ತ್ ಸಿಕ್ಲಿಲ್ಲೆ ಅಂದೇಳಿ ಬಾಯಂಗೆ ಬಪ್ಪುಕಾಗ. ಅವ್ರಿಗೆ ನಾವ್ ಒಬ್ಬರೇ. ನಮ್ಗೆ ಅವ್ರ್ ಸಾವ್ರ ಜನ. ಅದನ್ನ ಅವ್ರಿಗೆ ತೋರ್ಸುಕಾಗ.”

“ಮತ್ತೆ ಎಂತ ಹೇಳ್ಕ್?” ಎಂದು ಕೇಳಿದೆ.

ಮೂರು ಮಾತು ಕಲಿಸಿದರು. ಮೊದಲನೆಯದು, “ಓಹೋ, ಗುರ್ತ್ ಸಿಕ್ದೇ ಇಪ್ದಾ!” ಎರಡನೆಯದು, “ಮನೆಲೆಲ್ಲ ಸೌಖ್ಯವಾ?” ಮೂರನೆಯದು, “ಮಕ್ಳ್ ಹ್ಯಾಂಗಿದ್ರ್?” ಮೂರನೆಯದಕ್ಕೆ ಬರುವಷ್ಟರಲ್ಲಿ ಬಂದವರೇ ತಮ್ಮ ಊರು, ಹಿಂದೆ ಬಂದ ವರ್ಷ, ಉಳಿದ ಕೋಣೆ, ಮಗಳ ಮದುವೆ, ಮೊಣಕಾಲು ನೋವು ಎಲ್ಲ ಹೇಳಿಬಿಡುತ್ತಾರೆ, ನಾವು ಹೂಂ ಹೂಂ ಎಂದರಾಯಿತು ಎಂದರು. ಅದನ್ನು ಅವರು ಹೇಳುವ ಚೆಂದವೇ ಬೇರೆ. ಮುಖವರಳಿಸಿ, ತುಸು ಮುಂದೆ ಬಾಗಿ, ಕಳೆದುಹೋದ ನೆಂಟ ಸಿಕ್ಕಿದ ಹಾಗೆ ಹೇಳುತ್ತಿದ್ದರು. ಮಲಯಾಳದಲ್ಲಿ, ತಮಿಳಿನಲ್ಲಿ, ಹಿಂದಿಯಲ್ಲಿ, ಬಂದವರು ಯಾವ ಭಾಷೆಯವರೋ ಆ ಭಾಷೆಯಲ್ಲಿ. ಇದು ಸುಳ್ಳಲ್ಲವೇ ಎಂದು ಕೇಳಿದ್ದಕ್ಕೆ, ಸುಳ್ಳಲ್ಲ, ಮರ್ಯಾದಿ ಎಂದಿದ್ದರು. ನಾನೂ ಕಲಿತೆ. ಬಾಯಿಗೆ ಎಷ್ಟು ಅಭ್ಯಾಸವಾಯಿತೆಂದರೆ ಮನೆಗೆ ಗ್ಯಾಸ್ ಸಿಲಿಂಡರ್ ತಂದವನನ್ನೂ ಮಕ್ಕಳು ಹೇಗಿದ್ದಾರೆ ಎಂದು ಕೇಳಿದ್ದೆ. ಅವನಿಗೆ ಮದುವೆಯೇ ಆಗಿರಲಿಲ್ಲ.

ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ನಾನು ಮ್ಯಾನೇಜರಿಗಿಂತ ಒಂದು ಕೈ ಮೇಲೆ ಎಂದುಕೊಂಡಿದ್ದೆ. ಮೊಬೈಲಿನ ನಕ್ಷೆಯಲ್ಲಿ ನಮ್ಮ ಲಾಡ್ಜು, ಫೋನ್ ನಂಬರು, ಫೋಟೋ ಕಾಣುವಂತೆ ಮಾಡಿಟ್ಟವರು ಅವರೇ. ಮುಂಬೈಯ ಯಾರನ್ನೋ ಕೇಳಿ ಕೇಳಿ ಮಾಡಿದ್ದರು. ಆದರೆ ಮೇಲ್ ನೋಡುವ ಕೆಲಸ ನನ್ನದು. ಬೆಳಿಗ್ಗೆ ಕಂಪ್ಯೂಟರು ತೆರೆದರೆ ಸಾಕು, ಕಸದ ರಾಶಿ. ನಿಮ್ಮ ಕರೆಂಟು ಇವತ್ತೇ ಕಡಿತವಾಗುತ್ತದೆ, ನಿಮ್ಮ ಪಾರ್ಸೆಲ್ ದಾರಿಯಲ್ಲಿ ನಿಂತಿದೆ, ನಿಮ್ಮ ಬ್ಯಾಂಕ್ ಖಾತೆ ಬಂದ್ ಆಗಲಿದೆ, ಕೂಡಲೇ ಇಲ್ಲಿ ಒತ್ತಿ. ಯಾವಾಗಲೂ ಕೂಡಲೇ. ಉಸಿರಾಡಲು ಬಿಡದೆ ಅಟ್ಟಿಸಿಕೊಂಡು ಬರುವ ಈ ಅವಸರವೇ ಕಳ್ಳರ ಮೊದಲ ಗುರುತು ಎಂದು ನಾನು ಕಂಡುಕೊಂಡಿದ್ದೆ. ಎರಡನೆಯದು ಕಳಿಸಿದವರ ವಿಳಾಸ. ಹೆಸರು ಬ್ಯಾಂಕಿನದ್ದೇ, ಆದರೆ ಕೆಳಗಿನ ವಿಳಾಸದಲ್ಲಿ ಒಂದು ಅಕ್ಷರ ಹೆಚ್ಚೋ ಕಡಿಮೆಯೋ, ಹಿಂದೆ ಯಾವುದೋ ಗುರುತಿಲ್ಲದ ಬಾಲ. ಮೂರನೆಯದು, ಅವರ ಹತ್ತಿರ ಮೊದಲೇ ಇರಬೇಕಾದ್ದನ್ನು ನಮ್ಮನ್ನೇ ಕೇಳುವುದು. ನಾನು ಒಂದೊಂದನ್ನೇ ಗಟ್ಟಿಯಾಗಿ ಓದಿ, ಥೂ ಎಂದು ಅಳಿಸುತ್ತಿದ್ದೆ.

ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಮೋಸಹೋದ ಕತೆ ಹೇಳುವ ಯಾತ್ರಿಕರು ಸಿಕ್ಕಿದರೆ ನನಗೆ ಹಬ್ಬ. ಅಷ್ಟೂ ತಿಳಿಯಲಿಲ್ಲವೇ, ವಿಳಾಸ ನೋಡಬಾರದೇ, ನಂಬರು ಯಾಕೆ ಹೇಳಿದಿರಿ, ಯಾರಾದರೂ ಹೇಳುತ್ತಾರೆಯೇ ಎಂದು ಕೀಲಿಕೈ ಕೈಯಲ್ಲಿ ಹಿಡಿದುಕೊಂಡೇ ಪಾಠ ಮಾಡುತ್ತಿದ್ದೆ. ಅವರು ತಲೆ ತಗ್ಗಿಸುತ್ತಿದ್ದರು. ನನಗೆ ಅವರ ಮೇಲೆ ಕನಿಕರ ಬರುತ್ತಿರಲಿಲ್ಲ, ಅಸಹ್ಯವಾಗುತ್ತಿತ್ತು. ಇಷ್ಟು ಪೆದ್ದು ಜನ ಇರುವುದರಿಂದಲೇ ಕಳ್ಳರು ಕೊಬ್ಬುತ್ತಾರೆ ಎನಿಸುತ್ತಿತ್ತು.

ನವರಾತ್ರಿಗೆ ಎರಡು ವಾರ ಇತ್ತು. ಬೆಳಿಗ್ಗೆ ಒಂದು ಮೇಲ್ ಬಂದಿತ್ತು. ನಿಮ್ಮ ಲಾಡ್ಜಿನ ವಿವರವನ್ನು ನಕ್ಷೆಯಿಂದ ತೆಗೆದುಹಾಕಲಾಗುವುದು, ಇಪ್ಪತ್ತನಾಲ್ಕು ಗಂಟೆಯೊಳಗೆ ಕೆಳಗೆ ಒತ್ತಿ ಮಾಲೀಕರೆಂದು ಖಚಿತಪಡಿಸಿ ಎಂದು. ವಿಳಾಸ ನೋಡಿದೆ. ಇರಬಾರದ ಕಡೆ ಒಂದು ಗೀಟು. ಅಳಿಸಿ ಎಸೆದು, ಮ್ಯಾನೇಜರನ್ನು ಕರೆದು ಹೇಳಿದೆ.

“ನಿಮ್ಮನ್ನ್ ಯಾರೂ ಯಾಮಾರ್ಸುಕಾತಿಲ್ಲೆ ಅಮಾ,” ಎಂದು ಅವರು ನಕ್ಕರು.

ಮಧ್ಯಾಹ್ನ ಊಟವಾಗಿ ಕೂತಿದ್ದೆ. ಲಾಡ್ಜಿನ ಮೊಬೈಲು ಹೊಡೆದುಕೊಂಡಿತು.

“ಅಮ್ಮಾ, ನಮಸ್ಕಾರ. ನನ್ನ ಗುರುತು ಸಿಕ್ಕಿತಾ?”

ಗುರುತು ಎಲ್ಲಿಂದ ಸಿಗಬೇಕು? ಆದರೆ ಬಾಯಿ ಕೇಳಬೇಕಲ್ಲ. “ಓಹೋ, ಗುರ್ತ್ ಸಿಕ್ದೇ ಇಪ್ದಾ! ಮನೆಲೆಲ್ಲ ಸೌಖ್ಯವಾ? ಮಕ್ಳ್ ಹ್ಯಾಂಗಿದ್ರ್?”

“ಮಗಳು ಈಗ ಎರಡನೇ ಕ್ಲಾಸು ಅಮ್ಮಾ. ನಿಮ್ಮಲ್ಲೇ ಉಳಿದು ಅವಳಿಗೆ ಅಕ್ಷರ ಬರೆಸಿದ್ದಲ್ಲವಾ? ಅವತ್ತು ಅವಳಿಗೆ ಜ್ವರ. ನೀವೇ ಬಿಸಿನೀರು ಕಾಸಿ ಕೊಟ್ಟಿರಿ. ಅದನ್ನು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ.”

ಕೊಲ್ಲೂರಿಗೆ ಬರುವ ಅರ್ಧ ಜನ ಮಕ್ಕಳಿಗೆ ಅಕ್ಷರ ಬರೆಸಲೆಂದೇ ಬರುತ್ತಾರೆ. ಬಿಸಿನೀರು ನಾವು ಎಲ್ಲರಿಗೂ ಕೊಡುತ್ತೇವೆ. ಜ್ವರ ಯಾವ ಮಗುವಿಗೆ ಬರುವುದಿಲ್ಲ? ಇಷ್ಟು ಈಗ ಗೊತ್ತಾಗುತ್ತದೆ. ಅವತ್ತು ಮಾತ್ರ ಕಂಬಳಿ ಹೊದ್ದ ಒಂದು ಪುಟ್ಟ ಹುಡುಗಿ ನನ್ನ ಕಣ್ಣಿಗೇ ಕಂಡಳು. ಮಗಳು ಚೆನ್ನಾಗಿ ಓದುತ್ತಾಳಾ ಎಂದೂ ಕೇಳಿದೆ.

ಆಮೇಲೆ ಅವನು ವಿಷಯಕ್ಕೆ ಬಂದ. ತಾನೀಗ ನಕ್ಷೆಯ ಕಂಪನಿಯಲ್ಲೇ ಕೆಲಸಕ್ಕಿದ್ದೇನೆ, ಕೊಲ್ಲೂರಿನ ಲಾಡ್ಜುಗಳಿಗೆ ಕಳ್ಳರು ಸುಳ್ಳು ಮೇಲ್ ಕಳಿಸುತ್ತಿದ್ದಾರೆ, ಪಟ್ಟಿಯಲ್ಲಿ ನಿಮ್ಮ ಹೆಸರು ಕಂಡಿತು, ಮನಸ್ಸು ತಡೆಯಲಿಲ್ಲ, ಮೇಲ್ ಬಂತಾ ಎಂದ.

“ಬಂದಿತ್ತು. ಆಗಲೇ ಅಳಿಸಿದೆ,” ಎಂದೆ ಹೆಮ್ಮೆಯಿಂದ.

“ಎಲ್ಲರೂ ನಿಮ್ಮಷ್ಟು ಹುಷಾರಿರುವುದಿಲ್ಲ ಅಮ್ಮಾ. ಆದರೆ ಅವರು ಬಿಡುವವರಲ್ಲ. ನಾನು ಇಲ್ಲಿಂದಲೇ ಬೀಗ ಹಾಕಿಬಿಡುತ್ತೇನೆ. ನಿಮಗೊಂದು ನಂಬರು ಬರುತ್ತದೆ, ಹೇಳಿ ಸಾಕು.”

ನಂಬರು ಬಂತು. ಆರು ಅಂಕಿ. ಅದರ ಕೆಳಗೇ, ಇದನ್ನು ಯಾರಿಗೂ ಹೇಳಬೇಡಿ ಎಂದು ಸ್ಪಷ್ಟವಾಗಿ ಬರೆದಿತ್ತು. ನಾನು ಕುರುಡಿಯಲ್ಲ. ಅದನ್ನೂ ಅವನಿಗೆ ಓದಿ ಹೇಳಿದೆ.

“ಅದು ಹೊರಗಿನವರಿಗೆ ಅಮ್ಮಾ,” ಎಂದ. “ನಾನು ಹೊರಗಿನವನಾ?”

ಈಗ ಏನು ಹೇಳಲಿ? ಗುರುತು ಸಿಕ್ಕಿತು ಎಂದವಳು ನಾನೇ. ಮಗಳ ಓದು ವಿಚಾರಿಸಿದವಳೂ ನಾನೇ. ಐದು ನಿಮಿಷ ಬಿಟ್ಟು, ನೀನು ಯಾರೋ ಗೊತ್ತಿಲ್ಲಪ್ಪ ಎನ್ನುವುದು ಹೇಗೆ? ಹೇಳಿದ್ದರೆ ಒಂದು ಗಳಿಗೆಯ ನಾಚಿಕೆ, ಅಷ್ಟೇ. ಆ ನಾಚಿಕೆಗೆ ಅಂಜಿ ನಾನು ಒಂದೊಂದೇ ಅಂಕಿಯನ್ನು, ಅವನು ಬರೆದುಕೊಳ್ಳಲು ಅನುಕೂಲವಾಗಲೆಂದು ನಿಲ್ಲಿಸಿ ನಿಲ್ಲಿಸಿ, ಗಟ್ಟಿಯಾಗಿ ಓದಿದೆ. ಒಗೆದ ಬೆಡ್‌ಶೀಟಿನ ಕಟ್ಟು ಹೊತ್ತು ಮ್ಯಾನೇಜರು ಮೆಟ್ಟಿಲು ಹತ್ತುತ್ತಿದ್ದರು. ಅವನು ದೇವಿ ನಿಮ್ಮನ್ನು ಚೆನ್ನಾಗಿಟ್ಟಿರಲಿ ಎಂದು ಹರಸಿ ಫೋನಿಟ್ಟ. ದೇವಿಯ ಹೆಸರನ್ನೂ ಬಿಡಲಿಲ್ಲ ಆ ಹೇಸಿ.

ಅದನ್ನು ನಾನು ಆ ಸಂಜೆಗೇ ಮರೆತೆ. ಹಬ್ಬದ ಮುಂಚಿನ ಕೆಲಸ, ಪೇಂಟಿನವರು, ನೀರಿನ ಟ್ಯಾಂಕು.

ನವರಾತ್ರಿಯ ಕೊನೆಯ ದಿನಗಳಲ್ಲಿ ಕೊಲ್ಲೂರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ವಿಜಯದಶಮಿಯಂದು ಅಕ್ಷರ ಬರೆಸಲು ಜನವೋ ಜನ. ನಮ್ಮ ಹನ್ನೊಂದು ಕೋಣೆಯೂ ಭರ್ತಿ. ಅಷ್ಟಮಿಯ ಬೆಳಿಗ್ಗೆ ಕೇರಳದ ಕಡೆಯಿಂದ ಒಬ್ಬ ಮುದುಕರು, ಅವರ ಮಗಳು, ಮೂರು ವರ್ಷದ ಮೊಮ್ಮಗಳು ಜೀಪಿನಿಂದಿಳಿದು ನೇರ ಕೌಂಟರಿಗೆ ಬಂದರು. ಎರಡು ಕೋಣೆ, ಮೂರು ದಿನ, ಹಣ ಪೂರ್ತಿ ಕಟ್ಟಿದ್ದೇವೆ ಎಂದರು ಮುದುಕರು, ತಮ್ಮ ತೊದಲು ಕನ್ನಡದಲ್ಲಿ. ಮೊಬೈಲಿನಲ್ಲಿ ರಸೀದಿ ತೋರಿಸಿದರು. ನಮ್ಮ ಲಾಡ್ಜಿನ ಹೆಸರು, ನಮ್ಮ ಗೇಟು, ಗೇಟಿನ ಹತ್ತಿರ ದಾಸವಾಳ ಕೊಯ್ಯುತ್ತಾ ನಿಂತ ನಾನು. ಎಂದೋ ಯಾರೋ ತೆಗೆದ ಫೋಟೋ.

ನಾವು ಮುಂಗಡವನ್ನೇ ತಗೊಳ್ಳುವುದಿಲ್ಲ. ಮಾವನವರ ಕಾಲದಿಂದ ಬಂದ ಪದ್ಧತಿ ಅದು; ದೇವಿಯ ಹತ್ತಿರ ಬರುವವರಿಂದ ಬರುವ ಮೊದಲೇ ಹಣ ಕೇಳಬಾರದೆಂದು. ಅದನ್ನೇ ಹೇಳಿದೆ. ಮತ್ತೆ ಶುರುಮಾಡಿದೆ ನನ್ನ ಪಾಠ. ಪೂರ್ತಿ ಹಣ ಮೊದಲೇ ಕೇಳಿದರೆ ಸಂಶಯ ಬರಬಾರದೇ? ಯಾರ ಖಾತೆಗೆ ಹೋಗುತ್ತದೆಂದು ಹೆಸರು ನೋಡಬಾರದೇ? ಮೊದಲು ಲಾಡ್ಜಿಗೆ ಒಂದು ಫೋನ್ ಮಾಡಿ ಕೇಳಬಾರದೇ?

“ಫೋನೇ ಮಾಡಿದ್ದು ಅಮ್ಮಾ,” ಎಂದರು ಮುದುಕರು. “ನಕ್ಷೆಯಲ್ಲಿ ಇದ್ದ ನಂಬರಿಗೇ. ಒಬ್ಬರು ಹೆಂಗಸು ಮಾತಾಡಿದರು. ನಾನು ಈ ಮಗಳಿಗೆ ಚಿಕ್ಕಂದಿನಲ್ಲಿ ಅಕ್ಷರ ಬರೆಸಲು ಬಂದಾಗಲೂ ಇಲ್ಲೇ ಇದ್ದದ್ದು, ನೆನಪುಂಟಾ ಕೇಳಿದೆ. ಗುರುತು ಸಿಗದೇ ಇರುತ್ತದಾ ಅಂದರು. ಮನೆಯಲ್ಲಿ ಎಲ್ಲ ಸೌಖ್ಯವಾ, ಮಕ್ಕಳು ಹೇಗಿದ್ದಾರೆ ಕೇಳಿದರು. ಹಾಗೆ ಕೇಳಿದ ಮೇಲೆ ಹಣ ಕಳಿಸಿದೆ.”

ನಕ್ಷೆ ತೆರೆದು ನೋಡಿದೆ. ನಮ್ಮ ಲಾಡ್ಜು, ನಮ್ಮ ಫೋಟೋ, ನಂಬರು ಮಾತ್ರ ನಮ್ಮದಲ್ಲ. ಆರು ಅಂಕಿಯ ಜೊತೆಗೆ ನನ್ನ ಬಾಯಿಯ ಮೂರು ಮಾತನ್ನೂ ಅವರು ಎತ್ತಿಕೊಂಡು ಹೋಗಿದ್ದರು. ನಾನು ಬಳಸಿದ ಲೋಟದಲ್ಲಿ ಯಾರೋ ಉಗುಳಿಟ್ಟ ಹಾಗೆ ಅನಿಸಿತು.

ಆಗ ನಾನು ಮಾಡಿದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ಮುದುಕರು ನೀರು ಕುಡಿಯುತ್ತಿದ್ದಾಗ ಲಾಡ್ಜಿನ ಮೊಬೈಲು ತೆಗೆದು, ಮೂರು ವಾರ ಹಿಂದಿನ ಆ ಆರು ಅಂಕಿಯ ಮೆಸೇಜು ಹುಡುಕಿ, ಅಳಿಸಿದೆ. ಅಳಿಸುವಾಗ ಥೂ ಎನ್ನಲಿಲ್ಲ.

ಮ್ಯಾನೇಜರು ಬಂದು ವಿಷಯ ಕೇಳಿದರು. ಮಗು ತಾಯಿಯ ಹೆಗಲ ಮೇಲೆ ನಿದ್ದೆ ಹೋಗಿತ್ತು. ಊರಲ್ಲಿ ಎಲ್ಲೂ ಕೋಣೆ ಸಿಗುವ ದಿನ ಅಲ್ಲ. ಅವರು ಮತ್ತೇನೂ ಕೇಳದೆ ಮೆಟ್ಟಿಲ ಕೆಳಗಿನ ತಮ್ಮ ಕೋಣೆಯ ಚಾಪೆ ಸುತ್ತಿ ಹೊರಗಿಟ್ಟು, ಎರಡು ಹಾಸಿಗೆ ಹಾಕಿ, ಹೊಸ ಬೆಡ್‌ಶೀಟು ಹೊದಿಸಿದರು.

“ಬನ್ನಿ, ಸಣ್ಣದ್, ಆದ್ರೆ ಫ್ಯಾನ್ ಇತ್ತ್,” ಎಂದು ಮುದುಕರ ಚೀಲ ಎತ್ತಿಕೊಂಡರು. ಆ ಮೂರು ದಿನ ಅವರು ಜಗಲಿಯ ಬೆಂಚಿನ ಮೇಲೆ ಮಲಗಿದರು. ಮುದುಕರನ್ನು ಪೊಲೀಸ್ ಸ್ಟೇಷನ್ನಿಗೆ ಕರೆದುಕೊಂಡು ಹೋದವರೂ, ಸಹಾಯವಾಣಿಗೆ ಫೋನ್ ಮಾಡಿ ದೂರು ಬರೆಸಿದವರೂ ಅವರೇ. ಕೂಡಲೇ ಹೇಳಿದ್ದರೆ ಹಣ ತಡೆಯಬಹುದಿತ್ತಂತೆ. ಹಣ ಕಳಿಸಿ ಹತ್ತು ದಿನ ಕಳೆದಿತ್ತು, ಸಿಗುವ ಭರವಸೆ ಇರಲಿಲ್ಲ. ಸಂಜೆಯೊಳಗೆ ಇನ್ನೂ ಎರಡು ಕುಟುಂಬ ಅಂಥದ್ದೇ ರಸೀದಿ ಹಿಡಿದುಕೊಂಡು ಬಂದವು. ಒಬ್ಬ ನಮ್ಮನ್ನೇ ಕಳ್ಳರೆಂದು ಬೀದಿಯಲ್ಲಿ ನಿಂತು ಕೂಗಿದ. ನಾನು ಭಾವನಿಗೆ ಫೋನ್ ಮಾಡಿದೆ.

ಮರುದಿನ ಬೆಳಿಗ್ಗೆ ಭಾವ ಬೈಂದೂರಿನಿಂದ ಬಂದರು. ಜೊತೆಗೆ ಅಂಗಡಿಯ ಲೆಕ್ಕ ಬರೆಯುವವನು, ಕಂಪ್ಯೂಟರು ಬಲ್ಲವನು. ಅವನು ನೋಡಿ ಹೇಳಿದ್ದಿಷ್ಟೇ: ನಕ್ಷೆಯ ಖಾತೆಯನ್ನು ಬೇರೆಯವರು ಹಿಡಿದುಕೊಂಡಿದ್ದಾರೆ, ಲಾಡ್ಜಿನ ಮೊಬೈಲಿಗೆ ಬಂದ ನಂಬರನ್ನು ಇಲ್ಲಿಂದಲೇ ಯಾರೋ ಹೇಳಿದ್ದಾರೆ, ಹೇಳದೆ ಹೀಗಾಗುವುದಿಲ್ಲ.

ಮೊಬೈಲು ಮುಟ್ಟುವವರು ಇಬ್ಬರೇ. ಭಾವ ನನ್ನ ಕಡೆ ನೋಡಲೂ ಇಲ್ಲ.

“ಹ್ವಾಯ್, ಇಲ್ಲಿ ಬನ್ನಿ,” ಎಂದು ಮ್ಯಾನೇಜರನ್ನು ಕರೆದರು. “ಖಾತೆ ಮಾಡದ್ದ್ ಯಾರ್?”

“ನಾನೇ.”

“ಮುಂಬೈಯಂಗೆ ಯಾರ್ ಯಾರದ್ದ್ ಗುರ್ತ್ ಇತ್ತ್ ನಿಮ್ಗೆ?”

ಭಾವ ಮ್ಯಾನೇಜರ ಮೊಬೈಲು ಕೇಳಿ ತೆಗೆದುಕೊಂಡರು. ಯಾರ ಜೊತೆ ಮಾತಾಡಿದ್ದು, ಯಾರು ಹಣ ಕಳಿಸಿದ್ದು ಎಂದು ಲೆಕ್ಕದವನ ಕೈಯಲ್ಲಿ ಒಂದೊಂದೇ ತೆರೆಸಿ ನೋಡಿದರು. ಆಮೇಲೆ ಬೆಂಚಿನ ಕೆಳಗಿದ್ದ ಬ್ಯಾಗು. ಯಾತ್ರಿಕರು ಸ್ನಾನ ಮಾಡಿ ಒದ್ದೆ ತಲೆಯಲ್ಲಿ ಮೆಟ್ಟಿಲಿಳಿದು ಬರುತ್ತಿದ್ದರು. ಅವರೆಲ್ಲರ ಎದುರಿಗೆ ಬ್ಯಾಗಿನಿಂದ ನಾಲ್ಕು ಅಂಗಿ, ಎರಡು ಪಂಚೆ, ತಾಯಿಯ ಒಂದು ಫೋಟೋ, ಮಾತ್ರೆಯ ಚೀಟಿ ಹೊರಗೆ ಬಂದವು. ಅಂಗಿಗಳ ಇಸ್ತ್ರಿ ಮುದುಡಿತು.

ನಾನು ಕುರ್ಚಿಯಲ್ಲಿ ಕೂತಿದ್ದೆ. ಒಂದು ಮಾತು ಸಾಕಿತ್ತು. ‘ಭಾವ, ಅದು ನಾನು.’ ಹೇಳಿದರೆ ಕುರ್ಚಿ ಹೋಗುತ್ತದೆ, ಹಿಂದಿನ ಕೋಣೆಗೆ ಹೋಗಿ ಕೂರಬೇಕಾಗುತ್ತದೆ, ಅವತ್ತೇ ಹೇಳಿದ್ದೆನಲ್ಲ ಎಂದು ಭಾವ ಜೀವಮಾನವಿಡೀ ಹೇಳುತ್ತಾರೆ. ಊರಿಗೆಲ್ಲ ಪಾಠ ಹೇಳಿದವಳು ಹೀಗೆ ಮಾಡಿದಳಂತೆ ಎಂದು ಪಕ್ಕದ ಅಂಗಡಿಯವರು ನಗುತ್ತಾರೆ. ಇಷ್ಟೇ ನನ್ನ ಭಯ. ಇಷ್ಟಕ್ಕೆ ನಾನು ಬಾಯಿ ಬಿಡಲಿಲ್ಲ. ಏಳನೇ ನಂಬರಿನ ಕೀಲಿಕೈ ಕೇಳಿದವರಿಗೆ ಕೊಟ್ಟೆ. ಅವರು ಮಲಯಾಳದಲ್ಲಿ ಏನೋ ಕೇಳಿದರು, ನಕ್ಕೆ ಕೂಡ.

ಮ್ಯಾನೇಜರು ಒಮ್ಮೆ ನನ್ನ ಕಡೆ ನೋಡಿದರು. ಬೇಡುವ ನೋಟವಲ್ಲ, ಕೋಪವೂ ಅಲ್ಲ. ಬಸ್ಸು ಬಂತಾ ಎಂದು ರಸ್ತೆ ನೋಡುತ್ತಾರಲ್ಲ, ಹಾಗೆ. ಯಾಕೆ ಹಾಗೆ ನೋಡಿದರೆಂದು ಆಗ ನನಗೆ ತಿಳಿಯಲಿಲ್ಲ.

ಏನೂ ಸಿಗಲಿಲ್ಲ. ಸಿಗದಿದ್ದರೂ ಭಾವ, ಹಬ್ಬ ಮುಗೀಲಿ, ಆಮೇಲೆ ನೋಡಿಕೊಳ್ಳುತ್ತೇನೆ ಎಂದು ಹೇಳಿ ಹೋದರು. ಆ ದಿನದಿಂದ ಅಡುಗೆಯವಳೂ, ಗುಡಿಸುವವಳೂ ಮ್ಯಾನೇಜರ ಜೊತೆ ಮಾತು ಕಡಿಮೆ ಮಾಡಿದರು. ಚಾ ತಂದರೆ ಮೇಜಿನ ಮೇಲೆ ಕುಕ್ಕಿ ಹೋಗುತ್ತಿದ್ದರು. ಅವರು ಅದನ್ನು ಕುಡಿದು ಲೋಟ ತೊಳೆದಿಟ್ಟು, ಬಂದವರಿಗೆ ಎಂದಿನಂತೆ ಮುಖವರಳಿಸಿ, ಗುರುತು ಸಿಗದೇ ಇರುತ್ತದಾ ಎನ್ನುತ್ತಿದ್ದರು.

ವಿಜಯದಶಮಿಯ ದಿನ ಆ ಪುಟ್ಟ ಹುಡುಗಿ ಅಕ್ಷರ ಬರೆದು ಬಂತು. ಅಕ್ಕಿಯಲ್ಲಿ ಬರೆಸಿದ ಬೆರಳನ್ನು ಮೇಲಕ್ಕೆ ಹಿಡಿದುಕೊಂಡೇ ಬಂದು ನನ್ನ ಕೌಂಟರಿನ ಧೂಳಿನಲ್ಲಿ ಏನೋ ಗೀಚಿ ತೋರಿಸಿತು. ಮುದುಕರು ಹೊರಡುವಾಗ ನನಗೆ ಕೈಮುಗಿದರು. ಮೂರು ದಿನಕ್ಕೆ ನಾವು ಏನೂ ತೆಗೆದುಕೊಳ್ಳಲಿಲ್ಲವೆಂದು ಅವರಿಗೆ ನನ್ನ ಮೇಲೆ ಗೌರವ. ನಿಮ್ಮಂಥವರು ಇರುವುದರಿಂದ ಆಯಿತು ಎಂದರು. ಮಗು ಗೀಚಿದ್ದನ್ನು ಆ ಸಂಜೆ ಒರೆಸಬೇಕಿತ್ತು, ಒರೆಸಲು ಆಗಲಿಲ್ಲ.

ಮಾರನೆಯ ದಿನ ಭಾವ ಬಂದಾಗ ಹಿಂದಿನ ಕೋಣೆಗೆ ಕರೆದು ಎಲ್ಲ ಹೇಳಿದೆ. ಫೋನು, ಮೂರು ಮಾತು, ಆರು ಅಂಕಿ, ಅಳಿಸಿದ ಮೆಸೇಜು. ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡು ನಿಂತೆ.

ಭಾವ ನಕ್ಕರು.

“ಅಯ್ಯೋ, ನೀನಾ? ನಾನ್ ಎಂತದೋ ಅಂದ್ಕಂಡೆ ಮರಾಯ್ತಿ. ಹೋಯ್ಲಿ ಬಿಡ್. ಹೆಂಗಸ್ರಿಗ್ ಇದೆಲ್ಲ ಎಲ್ಲ್ ಗೊತ್ತಾತ್ತ್?”

“ಮತ್ತೆ ಅವ್ರ್?” ಎಂದೆ. “ಅವ್ರ ಬ್ಯಾಗ್ ಎಲ್ಲರೆದ್ರಿಗೆ…”

“ಅದ್ ಆಯ್ತಲ್ದಾ. ಈಗ ಅವ್ರಿಗೆ ಹೇಳುಕ್ ಹೋಯ್ಬೇಡ. ನಮ್ಮ ಮರ್ಯಾದಿ ಹೋತ್ತ್.”

ಅಷ್ಟೇ. ಕುರ್ಚಿ ಹೋಗಲಿಲ್ಲ, ಬೈಗುಳ ಬರಲಿಲ್ಲ. ಅದೇ ತಪ್ಪು, ಅವರು ಮಾಡಿರಬಹುದು ಎಂದಾಗ ಕಳ್ಳತನ, ನಾನು ಮಾಡಿದೆ ಎಂದಾಗ ಪಾಪ ಎನ್ನುವ ನಗು. ಭಾವನ ಆ ನಗು ಕಂಡು ನನಗೆ ಆ ಫೋನಿನವನಿಗಿಂತ ಹೆಚ್ಚು ಹೇಸಿಗೆಯಾಯಿತು. ಆ ನಗುವಿಗಾಗಿ ಮೂರು ದಿನ ಹೆದರಿ ಬಾಯಿ ಮುಚ್ಚಿದ್ದ ನನ್ನ ಮೇಲೆ ಅದಕ್ಕೂ ಹೆಚ್ಚು.

ಭಾವನ ಮಾತು ಕೇಳಲಿಲ್ಲ. ಮ್ಯಾನೇಜರು ಮಾಳಿಗೆಯಲ್ಲಿ ಬೆಡ್‌ಶೀಟು ಮಡಚುತ್ತಿದ್ದರು. ಹೋಗಿ ಎದುರಿಗೆ ನಿಂತು ಹೇಳಿದೆ. ತಪ್ಪಾಯಿತು ಎಂದೆ. ಅವರು ಮಡಚುವುದನ್ನು ನಿಲ್ಲಿಸಲಿಲ್ಲ.

“ಗೊತ್ತಿತ್ತ್ ಅಮಾ,” ಎಂದರು. “ನೀವ್ ಅಂಕಿ ಓದುವತಿಗೆ ನಾನ್ ಮೆಟ್ಲ್ ಮೇಲ್ ಇದ್ದೆ. ಯಾರಿಗೋ ರೂಮ್ ನಂಬ್ರ ಹೇಳ್ತ್ರಿ ಅಂದ್ಕಂಡೆ. ಆ ಹಿರಿಯವ್ರ್ ಬಂದ ದಿನ ಗೊತ್ತಾಯ್ತ್.”

“ಮತ್ತೆ ಭಾವನ ಹತ್ರ ಎಂತಕೆ ಹೇಳ್ಲಿಲ್ಲೆ?”

“ನೀವ್ ಹೇಳ್ತ್ರಿ ಅಂದೇಳಿ ಕಾದೆ.”

ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿಯಲು ಕೈ ಚಾಚಿದೆ. ಅವರು ಒಬ್ಬರೇ ಮಡಚಿ ಮುಗಿಸಿದರು. ಆ ತಿಂಗಳ ಕೊನೆಗೆ ಬ್ಯಾಗು, ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು ಕೌಂಟರಿಗೆ ಬಂದರು. ಜಗಳ ಮಾಡಲಿಲ್ಲ, ಕಾರಣ ಹೇಳಲಿಲ್ಲ. ಕೀಲಿಕೈ ಹಲಗೆಯ ಮೇಲೆ ತಮ್ಮ ಕೋಣೆಯ ಕೀಲಿ ತಾವೇ ತೂಗುಹಾಕಿ, “ಬತ್ತೆ ಅಮಾ,” ಎಂದು ಹೇಳಿ ಹೋದರು.

ನಕ್ಷೆಯಲ್ಲಿ ನಮ್ಮ ನಂಬರು ವಾಪಸು ಬಂತು. ಮುಂಗಡ ತೆಗೆದುಕೊಳ್ಳುವುದಿಲ್ಲವೆಂದು ನಾಲ್ಕು ಭಾಷೆಯಲ್ಲಿ ಬೋರ್ಡು ಬರೆಸಿ ಹಾಕಿದೆ, ನಕ್ಷೆಯಲ್ಲೂ ಬರೆಸಿದೆ. ಗುರುತು ಸಿಕ್ಕಿತಾ ಎಂದು ಯಾರಾದರೂ ಫೋನ್ ಮಾಡಿದರೆ, ಇಲ್ಲ, ಯಾರು, ಯಾವ ಊರು, ಯಾವಾಗ ಬಂದಿದ್ದಿರಿ ಎಂದು ಕೇಳುತ್ತೇನೆ. ಕೆಲವರಿಗೆ ನೋವಾಗುತ್ತದೆ. ಆಗಲಿ. ಮೋಸಹೋದವರು ಬಂದರೆ ಪಾಠ ಮಾಡುವುದಿಲ್ಲ, ಮೊದಲು ಕೂರಿಸಿ ಸಹಾಯವಾಣಿಗೆ ಫೋನ್ ಹಚ್ಚಿ ಕೊಡುತ್ತೇನೆ.

ಮೊನ್ನೆ ತವರಿನ ಕಡೆ ಒಂದು ಮದುವೆಗೆ ಹೋಗಿದ್ದೆ. ಬರುವಾಗ ಬ್ರಹ್ಮಾವರದಲ್ಲಿ ಕುಂದಾಪುರದ ಬಸ್ಸಿಗೆ ಸ್ವಲ್ಪ ಹೊತ್ತಿತ್ತು. ಚಾ ಕುಡಿಯಲೆಂದು ಎದುರಿಗಿದ್ದ ಹೋಟೆಲಿಗೆ ಹೊಕ್ಕೆ. ಗಲ್ಲಾದಲ್ಲಿ ಅವರು ಕೂತಿದ್ದರು. ಅದೇ ಇಸ್ತ್ರಿ ಮಾಡಿದ ಅಂಗಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಚಾ ಕುಡಿದದ್ದು ಗೊತ್ತಾಗಲಿಲ್ಲ. ಎದ್ದು ಹೋಗಿ ಅವರ ಎದುರಿಗೆ ನಿಂತು, ಏನೇನೋ ಹೇಳಬೇಕೆಂದಿದ್ದವಳು, ಬಾಯಿಗೆ ಬಂದದ್ದನ್ನು ಕೇಳಿದೆ.

“ಹ್ವಾಯ್, ಗುರ್ತ್ ಸಿಕ್ತಾ?”

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಮುಖವರಳಿಸಿದರು. ತುಸು ಮುಂದೆ ಬಾಗಿದರು.

“ಓಹೋ, ಗುರ್ತ್ ಸಿಕ್ದೇ ಇಪ್ದಾ! ಮನೆಲೆಲ್ಲ ಸೌಖ್ಯವಾ? ಮಕ್ಳ್ ಹ್ಯಾಂಗಿದ್ರ್?”

ನನ್ನ ಹಿಂದೆ ಇನ್ನೊಬ್ಬರು ಹಣ ಕೊಡಲು ನಿಂತಿದ್ದರು.

“ಸೌಖ್ಯ ಇದ್ರ್,” ಎಂದೆ. ಚಾದ ದುಡ್ಡು ಕೊಟ್ಟು ಹೊರಗೆ ಬಂದೆ.